ಕೇಳದೆ ಉಜ್ಜಿದ ದೋಣಿ

"ದೋಣಿನಾ? ಹೊನ್ನವಳ್ಳೀಲಾ?"

ಬೆನ್ನ ಹಿಂದೆ ಕೇಳಿದ ನಗುವಿಗೆ ಭಾನುಪ್ರಿಯಾ ತಟ್ಟನೆ ತಿರುಗಿದಳು. ತಿಪಟೂರಿನ ಖುದ್ದೂಸ್ ಸಾಬರ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಯುವಕ ನಿಂತಿದ್ದ. ಕೈಯಲ್ಲಿ ಗ್ರೈಂಡರ್ ಡಿಸ್ಕುಗಳು, ಅಂಗಿಯ ತೋಳಿನ ಮೇಲೆ ಲಾರಿಗೆ ಹೊಡೆಯುವ ನೀಲಿ ಬಣ್ಣ.

"ಯಾಕ್ರೀ, ಹೊನ್ನವಳ್ಳಿ ಕೆರೇಲಿ ನೀರಿಲ್ವಾ?"

"ನೀರಿದೆ. ದೋಣಿ ಕಟ್ಟೋರು ಯಾರಿದಾರೆ ಅಂತ?"

"ನಾನಿದೀನಿ!"

ಖುದ್ದೂಸ್ ಸಾಬರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನಕ್ಕರು. "ಜ್ಞಾನೇಶಪ್ಪ, ಸುಮ್ನಿರು. ಈಯಮ್ಮ ಹೋದ ವಾರ ನನ್ ಅಂಗಡೀಲಿರೋ ಬ್ಲೇಡೆಲ್ಲಾ ಬಗ್ಗಿಸಿ ನೋಡಿ, ಒಂದೂ ತಗೊಳ್ದೆ ಹೋಗವ್ರೆ. ನಿನ್ನನ್ನೂ ಬಗ್ಗಿಸಿ ನೋಡ್ಬುಟ್ಟಾರು!"

ಜ್ಞಾನೇಶನ ಮುಖ ಕೆಂಪಾಯಿತು. ಭಾನು ನಗಲಿಲ್ಲ.

ಅದು 2005ರ ಕೊನೆ. ಆ ವರ್ಷದ ಮಳೆಗೆ ಕೆರೆ ತುಂಬಿತ್ತು. ಮಂಗಳೂರಿನಲ್ಲಿ ಓದುವಾಗ ದೋಣಿ ಕಟ್ಟುವವರ ಪಕ್ಕ ನಿಂತು ಕಲಿತದ್ದನ್ನು ಭಾನು ಈಗ ಅಪ್ಪ ಶಂಭುಲಿಂಗಯ್ಯನವರ ತೋಟದ ಶೆಡ್ಡಿನಲ್ಲಿ ಪ್ರಯೋಗಿಸುತ್ತಿದ್ದಳು. ಹನ್ನೆರಡು ಅಡಿಯ ಪ್ಲೈವುಡ್ ದೋಣಿಗೆ ಆಕಾರ ಬಂದಿತ್ತು. ಇನ್ನು ಉಳಿದಿದ್ದು ಗಟ್ಟಿಯಾದ ಅಂಟನ್ನು ಕೆರೆದು ತೆಗೆದು, ಮೈಯೆಲ್ಲ ಉಜ್ಜಿ ನಯಮಾಡುವ ಕೆಲಸ. ಕೊಬ್ಬರಿ ವ್ಯಾಪಾರಿಯ ಮಗಳಿಗೆ ದೋಣಿ ಯಾಕೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಕೂತ್ಕೊಂಡು ಹೋಗೋಕೆ."

"ಗ್ರೈಂಡರಿಗೆ ಎಮ್ರಿ ಡಿಸ್ಕ್ ಹಾಕಿ. ಒಂದ್ ಮಧ್ಯಾಹ್ನದ ಕೆಲಸ," ಎಂದ ಜ್ಞಾನೇಶ.

"ಅದು ನಿಮ್ಮ ಲಾರಿ ತಗಡಿಗೆ ಸರಿ. ನಂದು ಆರು ಮಿಲಿಮೀಟರ್ ಪ್ಲೈವುಡ್ ಕಣ್ರೀ. ಮೇಲಿನ ಪದರ ಒಂದು ಮಿಲಿಮೀಟರೂ ಇರಲ್ಲ. ಗ್ರೈಂಡರ್ ಇಟ್ರೆ ಕಣ್ಣು ಮಿಟುಕಿಸೋದ್ರೊಳಗೆ ಒಳಗಿನ ಪದರ ಹಲ್ಲು ಕಿರೀತದೆ."

ಅಂಟು ಕೆರೆಯಲು ಅವಳು ಹಳೆ ಗರಗಸದ ಅಲಗಿನಿಂದ ಕತ್ತರಿಸಿ ತೆಗೆದ ಒಂದು ತೆಳು ಉಕ್ಕಿನ ತಗಡನ್ನು ಆರಿಸಿಕೊಂಡಳು. ಜೊತೆಗೆ ಅರವತ್ತು, ಎಂಬತ್ತು, ನೂರಿಪ್ಪತ್ತು ನಂಬರಿನ ಎಮ್ರಿ ಪೇಪರ್, ಮೂಗಿಗೆ ಕಟ್ಟುವ ಮಾಸ್ಕು.

ಹೋಗುವಾಗ ಒಮ್ಮೆ ತಿರುಗಿ ನೋಡಬೇಕೆನಿಸಿತು... ನೋಡಲಿಲ್ಲ!

* * *

ನಾಲ್ಕು ದಿನಕ್ಕೇ ಅವನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕಿಟಕಿ ಗಾಜಿನ ಚೂರುಗಳ ಚೀಲ.

"ದೋಣಿ ಮೂಲೇಲಿರೋ ಅಂಟು ಕೆರೆಯೋಕೆ ಆಗ್ಬೋದೇನೋ ಅಂತ... ಬೇಡ ಅಂದ್ರೆ ವಾಪಸ್ ತಗೊಂಡ್ ಹೋಗ್ತೀನಿ."

"ಗಾಜು ಬರಲಿ. ನೀವು ಬರೋದು ಬಿಡೋದು ನಿಮಗೆ ಬಿಟ್ಟಿದ್ದು."

ಅವನು ಬಂದ. ಮುಂದಿನ ಭಾನುವಾರವೂ ಬಂದ. ಎಮ್ರಿ ಪೇಪರಿನ ನಂಬರ್ ದೊಡ್ಡದಾದಷ್ಟೂ ನಯ ಎಂಬುದು ಅವನಿಗೆ ಗೊತ್ತಿತ್ತು. ಬಾಗುವ ಉದ್ದನೆಯ ಪಟ್ಟಿಗೆ ಪೇಪರ್ ಅಂಟಿಸಿ ಎರಡು ಕೈಯಲ್ಲಿ ಉಜ್ಜಿದರೆ ಮಾತ್ರ ದೋಣಿಯ ಬಾಗು ಅಂಕುಡೊಂಕಾಗದೆ ಉಳಿಯುತ್ತದೆ ಎಂಬುದನ್ನು ಅವಳಿಂದ ಕಲಿತ.

"ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ಸಿಗುತ್ತೆ. ಕಣ್ಣು ಮುಚ್ಚಿ ಸವರಿ ನೋಡಿ," ಎಂದಳು ಒಂದು ದಿನ.

ಅವನು ದೋಣಿಯ ಮೂತಿಯ ಕಡೆಯಿಂದ, ಅವಳು ಹಿಂಬದಿಯಿಂದ, ಇಬ್ಬರೂ ಕಣ್ಣು ಮುಚ್ಚಿ ಸವರುತ್ತ ಬಂದರು. ನಡುವೆ ಬೆರಳಿಗೆ ಬೆರಳು ತಾಕಿತು.

ಇಬ್ಬರೂ ಕಣ್ಣು ತೆರೆಯಲಿಲ್ಲ!

"ಉಬ್ಬು ಸಿಕ್ತಾ?" ಎಂದ ಅವನು.

"ಇಲ್ಲ... ಇಲ್ಲಿ ಎಲ್ಲಾ ಸರಿ ಇದೆ."

ಸಂಕ್ರಾಂತಿ ಕಳೆಯುವಷ್ಟರಲ್ಲಿ ಎರಡೂ ಮನೆಯವರು ಮದುವೆಯ ಮಾತಾಡಿದರು. ಯಾರ ಅಡ್ಡಿಯೂ ಬರಲಿಲ್ಲ. ಅಡ್ಡಿ ಬಂದದ್ದು ಭಾನುವಿನ ಕೈಗೆ.

ಹೆಣ್ಣು ನೋಡಲು ಬಂದ ಜ್ಞಾನೇಶನ ತಾಯಿ ಗಿರಿಜಾಂಬಿಕಾ ಹೂವು ಮುಡಿಸಿ, ಕೈ ಹಿಡಿದು, ಅಂಗೈ ತಿರುಗಿಸಿದರು. "ಅಯ್ಯೋ ಶಿವನೇ! ಕಾಯಿ ಸುಲಿಯೋರ ಕೈಯಾದ್ರೂ ಇದಕ್ಕಿಂತ ಮೆತ್ತಗಿರ್ತದೆ ಕಣಮ್ಮ. ನಿಶ್ಚಿತಾರ್ಥಕ್ಕೆ ನೂರು ಜನ ಬತ್ತಾರೆ, ಏನಂದಾರು? ಆ ದೋಣಿ ಸಾಕು ಬುಡು."

ಭಾನು ಜ್ಞಾನೇಶನ ಕಡೆ ನೋಡಿದಳು. 'ಒಂದು ಮಾತು... ಒಂದೇ ಒಂದು ಮಾತು ಆಡು.'

ಅವನು ಕಾಫಿ ಲೋಟ ನೋಡುತ್ತ ಕುಳಿತಿದ್ದ.

* * *

ಸೀರೆ ಆರಿಸಲು ಭಾನು ಅಪ್ಪನೊಡನೆ ತುಮಕೂರಿಗೆ ಹೋಗಿ ಬಂದ ಸಂಜೆ ಶೆಡ್ಡಿನಿಂದ ಜ್ಞಾನೇಶ ಓಡಿ ಬಂದ. ತಲೆಗೂದಲ ತುಂಬ ಮರದ ಪುಡಿ.

"ಭಾನು, ಒಂದ್ ಕಡೆ ಪೂರ್ತಿ ಮುಗಿಸಿದೀನಿ! ಇನ್ನೊಂದನ್ನೂ ನಾನೇ ಮಾಡ್ತೀನಿ, ನೀನಿನ್ನು ಉಜ್ಜೋದೇ ಬೇಡ!"

ಅವಳು ಒಳಗೆ ಹೋದಳು. ದೋಣಿಯ ಬಲಮಗ್ಗುಲಲ್ಲಿ ಅಂಗೈಯಗಲದ ಮೂರು ಗಾಯಗಳಿದ್ದವು. ಮೇಲಿನ ಪದರ ಹೋಗಿ, ಅಡ್ಡ ಎಳೆಯ ಒಳಪದರ ಹೊರಬಂದಿತ್ತು.

"ಗ್ರೈಂಡರ್..." ಎಂದಳು.

"ನೂರಿಪ್ಪತ್ತರ ಡಿಸ್ಕ್ ಹಾಕಿದ್ದೆ ಕಣೇ. ನಯದ್ದು. ಆದ್ರೂ ಅಲ್ಲಲ್ಲಿ ಸ್ವಲ್ಪ..."

"ನಂಬರ್ ಎಷ್ಟಾದ್ರೇನು? ಆ ವೇಗಕ್ಕೆ ನಯದ ಪೇಪರೂ ಕೊರೀತದೆ. ಅದು ಹಾಳಾಗಿ ಹೋಗ್ಲಿ. ನನ್ನ ಕೇಳಿದ್ರಾ?"

"ನಿನ್ನ ಕೈ ಉಳಿಸೋಣ ಅಂತ..."

"ನನ್ನ ಕೈಗೇನಾಗಿತ್ತು? ಅವತ್ತು ಅತ್ತೆ ಅಂದಾಗ ಸುಮ್ನೆ ಕೂತ್ರಿ. ಇವತ್ತು ನಾನಿಲ್ದಾಗ ಮುಗಿಸೋಕೆ ಬಂದ್ರಿ. ಈ ಕೈ ಕಂಡ್ರೆ ನಿಮಗೂ ನಾಚಿಕೆಯೇ ಅಲ್ವಾ?"

"ಭಾನು, ಹಂಗಲ್ಲ..."

"ಹಂಗೇ! ನಿಶ್ಚಿತಾರ್ಥಕ್ಕೆ ಬರಬೇಡಿ. ಬಂದ್ರೂ ನಾನಿಲ್ಲೇ ಇರ್ತೀನಿ. ಇದೇ ಕೈಯಿಟ್ಕೊಂಡು."

ಅವನು ಹೋದ ಮೇಲೆ ಅವಳು ಅತ್ತಳು. ದೋಣಿಗಾಗಿ ಅಲ್ಲ... ದೋಣಿಗೆ ತೇಪೆ ಹಾಕುವುದು ಅವಳಿಗೆ ಗೊತ್ತಿತ್ತು.

ವಿಷಯ ತಿಳಿದ ಶಂಭುಲಿಂಗಯ್ಯ ಶೆಡ್ಡಿಗೆ ಬಂದರು. "ಊರೆಲ್ಲ ನಗ್ತದೆ ಕಣವ್ವ."

"ಅವರಿಗೂ ಹಲ್ಲಿದಾವಲ್ಲ ಅಪ್ಪ, ನಗ್ಲಿ. ಒಪ್ಪಿದ ಮೇಲೆ ಕೈ ಬಿಡೋದು ತಪ್ಪು ಅಂತೀಯಾ?"

"ನಾನೇನೂ ಅನ್ನಲ್ಲ. ಊಟ ಇಲ್ಲಿಗೇ ಕಳಿಸ್ಲಾ ಅಂತ ಕೇಳೋಕೆ ಬಂದೆ."

* * *

ನಿಶ್ಚಿತಾರ್ಥವನ್ನು ಯಾರೂ ರದ್ದು ಮಾಡಿರಲಿಲ್ಲ, ಮನೆಯಲ್ಲಿ ಅಡುಗೆ ನಡೆದಿತ್ತು. ಆ ದಿನ ಬೆಳಿಗ್ಗೆ ಭಾನು ಹಳೆಯ ಚೂಡಿದಾರ ತೊಟ್ಟು, ಮಾಸ್ಕು ಕಟ್ಟಿ, ಹೊಸದಾಗಿ ಅಂಟಿಸಿದ ತೇಪೆಯ ಅಂಚನ್ನು ಕೆರೆಯುತ್ತಿದ್ದಳು. ತೋಟದ ದಾರಿಯಲ್ಲಿ ವ್ಯಾನಿನ ಸದ್ದಾಯಿತು.

'ಬಂದೇಬಿಟ್ಟನಾ?' ಕೈ ನಿಂತಿತು. ಮತ್ತೆ ಕೆರೆಯತೊಡಗಿದಳು.

ಬಿಳಿ ರೇಷ್ಮೆ ಪಂಚೆಯಲ್ಲಿ ಜ್ಞಾನೇಶ, ಅವನ ಹಿಂದೆ ಗಿರಿಜಾಂಬಿಕಾ, ಅವರ ಹಿಂದೆ ನೆಂಟರು. ಶಂಭುಲಿಂಗಯ್ಯ ಬಾಗಿಲ ಪಕ್ಕಕ್ಕೆ ಸರಿದರು.

"ಏನಮ್ಮಾ ಇದು ಅವತಾರ? ಮುಹೂರ್ತ ಮೀರ್ತಾ ಐತೆ!" ಎಂದರು ಗಿರಿಜಾಂಬಿಕಾ.

"ಅಮ್ಮಾ, ನಿಲ್ಲು." ಜ್ಞಾನೇಶ ಎಲ್ಲರಿಗೂ ಕೇಳುವಂತೆ ಹೇಳಿದ. "ಅವತ್ತು ನೀನು ಅವಳ ಕೈ ಬಗ್ಗೆ ಮಾತಾಡ್ದಾಗ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನಾಲ್ಕು ಜನ ಆಡ್ಕೊಂತಾರೆ ಅಂತ ಹೆದರಿದ್ದು ನಾನು. ಆ ಹೆದರಿಕೇಲೇ ಕೇಳದೆ ಅವಳ ದೋಣಿ ಹಾಳು ಮಾಡ್ದೆ. ಆ ಕೈ ಹಿಂಗಿದೆ ಅಂತಾನೇ ನನಗೆ ಇಷ್ಟ. ಆಡ್ಕೊಳ್ಳೋರು ಇವತ್ತೇ ಆಡ್ಕೊಂಡು ಮುಗಿಸ್ಲಿ."

ಭಾನು ಮಾಸ್ಕು ಕೆಳಗೆಳೆದಳು. "ಇಷ್ಟು ಹೇಳೋಕೆ ರೇಷ್ಮೆ ಪಂಚೆ ಉಟ್ಕೊಂಡ್ ಬಂದ್ರಾ?"

"ನಾನೇನು ಮಾಡ್ಲಿ, ಹೇಳು. ಪೇಪರ್ ಕೊಡು, ಉಜ್ತೀನಿ."

"ಏನೂ ಮಾಡ್ಬೇಡಿ."

"ಏನೂ?"

"ಏನೂ! ಮುಟ್ಬೇಡಿ, ಹೇಳ್ಕೊಡ್ಬೇಡಿ. ಆದ್ರೆ ಕೂತು ನೋಡಿ. ಇಲ್ದಿದ್ರೆ ಹೋಗಿ."

ಜ್ಞಾನೇಶ ಆ ಪುಡಿಯ ನೆಲದ ಮೇಲೇ, ರೇಷ್ಮೆ ಪಂಚೆಯಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತ.

ಭಾನು ಕೆಲಸ ಮುಂದುವರಿಸಿದಳು. ಕೆರೆದಳು, ಒರೆಸಿದಳು, ಪಟ್ಟಿ ಹಿಡಿದು ಉಜ್ಜಿದಳು. ಮುಹೂರ್ತ ದಾಟಿತು. ನೆಂಟರು ಒಬ್ಬೊಬ್ಬರೇ ಊಟದ ಕಡೆ ಜಾರಿದರು. ಎರಡು ಸಲ ಜ್ಞಾನೇಶನ ಕೈ ತಾನಾಗಿ ಮೇಲೆದ್ದಿತು. ಎರಡು ಸಲವೂ ಅವನೇ ಅದನ್ನು ತೊಡೆಯ ಕೆಳಗಿಟ್ಟುಕೊಂಡ. ಅದನ್ನು ನೋಡಿ ಭಾನುವಿಗೆ ನಗು ಬಂತು, ಮಾಸ್ಕು ಅಡಗಿಸಿತು.

ಗಿರಿಜಾಂಬಿಕಾ ಇನ್ನೂ ಬಾಗಿಲಲ್ಲೇ ಇದ್ದರು. ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು.

"ನಂಗೊಂದು ಕುರ್ಚಿನಾದ್ರೂ ಕೊಡ್ರಪ್ಪ," ಎಂದರು ಕೊನೆಗೆ. "ಇದು ಬೇಗ ಮುಗಿಯೋ ಹಂಗೆ ಕಾಣಲ್ಲ."

ಶಂಭುಲಿಂಗಯ್ಯ ಎರಡು ಕುರ್ಚಿ ತಂದರು. ಒಂದು ಅವರಿಗೆ, ಒಂದು ತಮಗೆ.

ಮಧ್ಯಾಹ್ನ ಇಳಿಯುವಾಗ ಭಾನು ಬಂದು ಜ್ಞಾನೇಶನ ಎದುರು ನೆಲದ ಮೇಲೆ ಕುಳಿತಳು.

"ಕಾಲು ಜೋಮು ಹಿಡಿದಿಲ್ವಾ?"

"ಹಿಡಿದು ತುಂಬ ಹೊತ್ತಾಯ್ತು."

"ಹೇಳಬಾರದಾ?"

"ಮಾತಾಡ್ಬೋದು ಅಂತ ನೀನು ಹೇಳಿರ್ಲಿಲ್ಲ."

ಅವಳ ಕಣ್ಣು ತುಂಬಿತು. "ನಾಳೆ ಎಡಗಡೆ ಉಜ್ಜಬೇಕು. ಇಬ್ಬರಿದ್ರೆ ಬೇಗ ಆಗುತ್ತೆ..."

"ಬರ್ಲಾ?"

"ಬನ್ನಿ," ಎಂದಳು ಭಾನು. "ನಾನೇ ಕರೀತಾ ಇದೀನಿ."