ಮೂವತ್ತು ಹೆಜ್ಜೆ

"ನನಗ ಇದು ಬ್ಯಾಡ," ಎಂದಳು ನಮ್ರತಾ.

ಗಾಜಿನ ಕೌಂಟರಿನ ಮೇಲೆ ಉದ್ದನೆಯ ಕಪ್ಪು ಬಂದೂಕು ಮಲಗಿತ್ತು. ಆಚೆ ಕಡೆ ಅಂಗಡಿಯ ಹೆಂಗಸು. ಈಚೆ ಕಡೆ ಗಿರೀಶ ಮಾಮಾ. ಇಬ್ಬರೂ ತಿರುಗಿ ಹನ್ನೊಂದು ವರ್ಷದ ಹುಡುಗಿಯನ್ನು ನೋಡಿದರು.

"ಬ್ಯಾಡ ಅಂದ್ರ? ಇದು ಟ್ವೆಲ್ವ್ ಗೇಜ್. ಟರ್ಕಿ ಕೋಳಿ ಹೊಡಿಯೋರೆಲ್ಲಾ ಇದನ್ನ ಹಿಡೀತಾರ," ಎಂದರು ಮಾಮಾ.

"ನಾ ಟ್ವೆಂಟಿ ಗೇಜ್ ಹಿಡೀತೀನಿ."

ಹಿಂದೆ ನಿಂತಿದ್ದ ಸಂದೀಪ್ ಕಿಸಕ್ಕನೆ ನಕ್ಕ. ಅವನು ಮಾಮಾನ ಮಗ, ಹದಿನಾಲ್ಕು ವರ್ಷ. "ಟ್ವೆಂಟಿ ಗೇಜ್? ದಟ್ಸ್ ಫಾರ್ ಬೇಬೀಸ್!"

ಬಂದೂಕಿನ ಅಂಗಡಿಯಲ್ಲಿ ಲೆಕ್ಕವೇ ಉಲ್ಟಾ. ಗೇಜ್ ನಂಬರ್ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಟ್ವೆಲ್ವ್ ಎಂದರೆ ದಪ್ಪ ನಳಿಗೆ, ಜೋರು ಹೊಡೆತ. ಟ್ವೆಂಟಿ ಎಂದರೆ ಸಣ್ಣದು, ಹಗುರ. ಇದೆಲ್ಲ ನಮ್ರತಾಳಿಗೆ ಬಾಯಿಪಾಠ ಆಗಿತ್ತು.

ಸಂದೀಪನಿಗಿಂತ ಚೆನ್ನಾಗಿಯೇ ಆಗಿತ್ತು.

ಮಾಮಾ ಸ್ಯಾನ್ ಪೀಡ್ರೊ ಬಂದರಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು. ಪ್ರತಿ ವರ್ಷ ಮಾರ್ಚ್ ಕೊನೆಗೆ ಟರ್ಕಿ ಬೇಟೆಯ ಸೀಸನ್ ಶುರುವಾದರೆ ಸಾಕು, ಲಾಸ್ ಏಂಜಲೀಸಿನಿಂದ ರಮೋನಾ ಎಂಬ ಗುಡ್ಡದ ಊರಿಗೆ ಓಡಿ ಬರುತ್ತಿದ್ದರು. ಅಲ್ಲಿ ಅವರ ಗೆಳೆಯರೊಬ್ಬರ ದನ ಸಾಕುವ ರ‍್ಯಾಂಚ್ ಇತ್ತು. ದಾರಿಯಲ್ಲಿ ಸ್ಯಾನ್ ಡಿಯಾಗೊದಲ್ಲಿ ನಮ್ರತಾಳ ಮನೆಯಲ್ಲಿ ಊಟ.

ಸಂಕ್ರಾಂತಿಗೆ ಬಂದಿದ್ದಾಗ ಮಾಮಾ ಹೇಳಿದ್ದರು: "ಈ ಸಲನೂ ಸಂದೀಪನ್ನ ಕರ‍್ಕೊಂಡು ಹೋಗ್ತೀನಿ."

"ನನ್ನ?" ಎಂದಿದ್ದಳು ನಮ್ರತಾ.

ಮಾಮಾ ಹೊಟ್ಟೆ ಕುಣಿಸಿ ನಕ್ಕಿದ್ದರು. "ನೀ ನಮಗ ಬುತ್ತಿ ಕಟ್ಟಿ ಕೊಡು!"

ಆ ನಗು ನಮ್ರತಾಳ ಕಿವಿಯಲ್ಲಿ ನೀರು ಹೊಕ್ಕ ಹಾಗೆ ಕೂತುಬಿಟ್ಟಿತು. ಮರುವಾರವೇ ಅವಳು ಅಪ್ಪನ ಬೆನ್ನು ಹತ್ತಿ ಬೇಟೆಯ ಸೇಫ್ಟಿ ಕ್ಲಾಸಿಗೆ ಹೆಸರು ಹಚ್ಚಿಸಿದಳು. ಎರಡು ಶನಿವಾರ, ಬೆಳಿಗ್ಗೆಯಿಂದ ಸಂಜೆಯ ತನಕ. ಇಡೀ ಕ್ಲಾಸಿನಲ್ಲಿ ಹುಡುಗಿ ಎಂದರೆ ಅವಳೊಬ್ಬಳೇ. ಟೆಸ್ಟಿನಲ್ಲಿ ನೂರಕ್ಕೆ ತೊಂಬತ್ತೆಂಟು. ಹೋದ ವರ್ಷ ಸಂದೀಪನಿಗೆ ಬಂದದ್ದು ಎಂಬತ್ತನಾಲ್ಕು.

ಮುಂದಿನ ಸಲ ಮಾಮಾ ಊಟಕ್ಕೆ ಕೂತಾಗ ಅವರ ತಟ್ಟೆಯಲ್ಲಿ ಚಪಾತಿ ಇರಲಿಲ್ಲ. ನಮ್ರತಾಳ ಪಾಸ್ ಕಾರ್ಡ್ ಇತ್ತು.

ಮಾಮಾ ತಂಗಿಯ ಕಡೆ ನೋಡಿದರು. "ಕುಮುದಾ, ಹುಡುಗಿ ಕೈಯಾಗ ಬಂದೂಕು ಕೊಡೋದೇನು?"

ಅವ್ವ ಒಲೆಯ ಮುಂದಿನಿಂದ ತಿರುಗಲೂ ಇಲ್ಲ. "ಹುಡುಗಿ ಕೈಲೆ ಕೋಳಿ ಸಾರು ಮಾಡ್ಸೂಮುಂದ ಯಾರೂ ಹಿಂಗ ಕೇಳಂಗಿಲ್ಲ, ಅಣ್ಣಾ. ಕಲ್ತಾಳ, ಕರ‍್ಕೊಂಡು ಹೋಗು."

ಹೀಗೆ ಅವಳು ಈ ಬಂದೂಕಿನ ಅಂಗಡಿಯ ತನಕ ಬಂದಿದ್ದಳು.

ಅಂಗಡಿಯ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದಳು: "ಜಗಳ ಯಾಕೆ? ಹಿಂದೆ ಪ್ರಾಕ್ಟೀಸ್ ಜಾಗ ಇದೆ. ಎರಡನ್ನೂ ಹೊಡೆದು ನೋಡಲಿ."

ಹಿಂಬದಿಯ ಗುಡ್ಡದ ಬುಡದಲ್ಲಿ ಹಲಗೆಗೆ ಬಿಳಿ ಕಾಗದ ಅಂಟಿಸಿದ್ದರು. ಕಾಗದದ ಮೇಲೆ ಟರ್ಕಿಯ ತಲೆ ಮತ್ತು ಕತ್ತಿನ ಚಿತ್ರ. ಟರ್ಕಿಗೆ ಅಲ್ಲೇ ಹೊಡೆಯಬೇಕು, ಆಗ ಅದಕ್ಕೆ ನೋವು ಗೊತ್ತಾಗುವ ಮೊದಲೇ ಮುಗಿದಿರುತ್ತದೆ. ರೆಕ್ಕೆಗೋ ಮೈಗೋ ತಾಗಿದರೆ ಓಡಿಹೋಗುತ್ತದೆ. ಕ್ಲಾಸಿನಲ್ಲಿ ಇದನ್ನು ಮೂರು ಸಲ ಹೇಳಿದ್ದರು.

ಮಾಮಾ ದಪ್ಪ ಬಂದೂಕಿಗೆ ಉದ್ದನೆಯ ಕೆಂಪು ತೋಟಾ ಹಾಕಿ ಕೊಟ್ಟರು. "ತ್ರೀ ಇಂಚ್ ಮ್ಯಾಗ್ನಮ್. ಇದರ ಮುಂದ ಯಾವ ಕೋಳಿನೂ ನಿಲ್ಲಂಗಿಲ್ಲ."

ನಮ್ರತಾ ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡಳು. ಗುರಿ ಹಿಡಿದು ಟ್ರಿಗರ್ ಒತ್ತಿದಳು.

ಢಂ!

ಯಾರೋ ಹೆಗಲಿಗೆ ಒದ್ದ ಹಾಗಾಯಿತು. ಅವಳು ಎರಡು ಹೆಜ್ಜೆ ಹಿಂದಕ್ಕೆ ಬಂದಿದ್ದಳು. ಇಪ್ಪತ್ತೇ ಹೆಜ್ಜೆ ದೂರದ ಕಾಗದದಲ್ಲಿ ಒಂದು ತೂತೂ ಇರಲಿಲ್ಲ.

"ಯೂ ಕ್ಲೋಸ್ಡ್ ಯುವರ್ ಐಸ್!" ಸಂದೀಪ್ ಕೂಗಿದ.

"ಹೌದು, ಮುಚ್ಚಿದ್ದೆ," ಎಂದಳು ನಮ್ರತಾ. ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಳ್ಳಲಿಲ್ಲ. "ಈಗ ಟ್ವೆಂಟಿ ಕೊಡ್ರಿ."

"ಹೊಡದು ಹೊಡದು ರೂಢಿ ಆಗತೈತಿ," ಎಂದರು ಮಾಮಾ.

"ಹೆಗಲು ನಂದು, ಮಾಮಾ."

ಅಂಗಡಿಯ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅವಳು ಮುಗುಳ್ನಕ್ಕು ಸಣ್ಣ ಬಂದೂಕನ್ನು ಮುಂದೆ ಇಟ್ಟಳು. ಜೊತೆಗೆ ಹಳದಿ ತೋಟಾಗಳು. ತೋಟಾದ ಒಳಗೆ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಲೋಹದ ಚರೆಗಳು ತುಂಬಿರುತ್ತವೆ. "ಫೋರ್ ನಂಬರ್ ಚರೆ ದಪ್ಪ, ಆದರೆ ಎಣಿಕೆಯಲ್ಲಿ ಕಮ್ಮಿ. ಸಿಕ್ಸ್ ನಂಬರ್ ಸಣ್ಣದು, ಆದರೆ ಜಾಸ್ತಿ ಇರುತ್ತವೆ. ನಿನಗೆ ಯಾವುದು?"

"ಸಿಕ್ಸ್," ಎಂದಳು ನಮ್ರತಾ. ಗುರಿ ಅಷ್ಟು ಸಣ್ಣದಿರುವಾಗ ಚರೆ ಜಾಸ್ತಿ ಇರಬೇಕು.

ಈ ಸಲ ಕಣ್ಣು ತೆರೆದೇ ಇತ್ತು. ಇಪ್ಪತ್ತು ಹೆಜ್ಜೆಯಲ್ಲಿ ಚಿತ್ರದ ತಲೆ, ಕತ್ತು ಎಲ್ಲ ಜರಡಿ. ಮೂವತ್ತರಲ್ಲಿ ಹನ್ನೊಂದು ತೂತು. ನಲವತ್ತರಲ್ಲಿ ಎರಡೇ ಎರಡು.

ಅವಳು ಆ ಕಾಗದವನ್ನು ಬಹಳ ಹೊತ್ತು ನೋಡಿದಳು. "ಮೂವತ್ತು ಹೆಜ್ಜಿ. ಅದಕ್ಕಿಂತ ದೂರ ಇದ್ರ ನಾ ಹೊಡಿಯಂಗಿಲ್ಲ."

"ಟರ್ಕಿ ಏನ್ ಟೇಪ್ ಹಿಡ್ಕೊಂಡು ಬರತೈತೇನು?" ಮಾಮಾ ನಕ್ಕರು. ಆದರೂ ಟ್ವೆಂಟಿಯನ್ನೇ ತೆಗೆದುಕೊಂಡರು.

"ಸಂದೀಪನ ಬಂದೂಕೂ ಟೆಸ್ಟ್ ಮಾಡೂಣು," ಎಂದಳು ನಮ್ರತಾ.

"ಮೈನ್ ಗೋಸ್ ಫಿಫ್ಟಿ, ಈಸಿ," ಎಂದು ಸಂದೀಪ್ ಕಾರಿನ ಕಡೆ ಹೋಗಿಬಿಟ್ಟ. ಮಾಮಾನೂ ಗಡಿಯಾರ ನೋಡಿದರು. ಐದು ಗಂಟೆಯ ಮೊದಲು ಫ್ರೀವೇ ಹಿಡಿಯಬೇಕಿತ್ತು.

* * *

ಎರಡು ವಾರದ ನಂತರ, ಇನ್ನೂ ಬೆಳಕು ಹರಿಯುವ ಮೊದಲು, ಮೂವರೂ ರಮೋನಾದ ಓಕ್ ಮರಗಳ ಬುಡದಲ್ಲಿ ಕೂತಿದ್ದರು. ನಮ್ರತಾ ಮತ್ತು ಮಾಮಾ ಒಂದು ಮರಕ್ಕೆ ಒರಗಿ. ಸಂದೀಪ್ ಪಕ್ಕದ ಮರಕ್ಕೆ. ಹುಲ್ಲಿನ ಮಂಜು ಪ್ಯಾಂಟಿನೊಳಗೆ ಇಳಿಯುತ್ತಿತ್ತು.

ಕೂರುವ ಮೊದಲು ನಮ್ರತಾ ಹೆಜ್ಜೆ ಎಣಿಸಿ ಬಂದಿದ್ದಳು. ಮೂವತ್ತನೆಯ ಹೆಜ್ಜೆಗೆ ಒಂದು ಬಿಳಿ ಬಂಡೆ ಇತ್ತು.

ಮಾಮಾ ಟರ್ಕಿ ಕರೆಯುವ ಮರದ ಡಬ್ಬಿಯ ಮುಚ್ಚಳ ಉಜ್ಜಿದರು. ಕ್ಯಾಂವ್, ಕ್ಯಾಂವ್, ಕ್ಯಾಂವ್. ಹೆಣ್ಣು ಟರ್ಕಿಯ ದನಿ.

ಗುಡ್ಡದ ಆಚೆಯಿಂದ ಉತ್ತರ ಬಂತು. ಗಳಗಳಗಳ!

ನಮ್ರತಾ ಬಂದೂಕನ್ನು ಮೊಣಕಾಲಿನ ಮೇಲೆ ಊರಿದಳು.

ಅದು ಹುಲ್ಲಿನ ನಡುವೆ ಬಂದೇ ಬಂತು. ಬೀಸಣಿಗೆಯ ಹಾಗೆ ಬಿಚ್ಚಿದ ಬಾಲ. ಕೆಂಪು, ನೀಲಿ, ಬಿಳಿ ಬಣ್ಣ ಬಳಿದಂಥ ತಲೆ. ಬಿಸಿಲಿನ ಮೊದಲ ಎಳೆ ಬಿದ್ದ ಕೂಡಲೇ ಕಂದು ಗರಿಗಳು ತಾಮ್ರದ ಹಾಗೆ ಹೊಳೆದವು. ಎರಡು ಹೆಜ್ಜೆ ಇಡುತ್ತಿತ್ತು, ನಿಲ್ಲುತ್ತಿತ್ತು. ಮತ್ತೆ ಎರಡು ಹೆಜ್ಜೆ.

ಬಿಳಿ ಬಂಡೆಗಿಂತ ಎಷ್ಟೋ ಆಚೆ ನಿಂತುಬಿಟ್ಟಿತು.

"ಹೊಡಿ," ಮಾಮಾ ಪಿಸುಗುಟ್ಟಿದರು.

"ದೂರ ಐತಿ."

"ಇನ್ನ ಹತ್ರ ಬರಂಗಿಲ್ಲ ಅದು. ಹೊಡಿ!"

"ಬಿಳಿ ಕಲ್ಲು ದಾಟಿ ಬರ‍್ಲಿ."

"ಹೊಡಿ ಅಂತೀನಿ, ನಮ್ರತಾ!"

ನಮ್ರತಾಳ ಬೆರಳು ಟ್ರಿಗರಿನ ಪಕ್ಕದಲ್ಲೇ ಇತ್ತು. ಎಷ್ಟು ಸುಲಭ ಇತ್ತು! ಮನೆಗೆ ಹೋಗಿ ಎಲ್ಲರಿಗೂ ಹೇಳಬಹುದಿತ್ತು. ಅವಳು ಬೆರಳನ್ನು ಹಿಂದಕ್ಕೆ ಸರಿಸಿ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಬಟನ್ ಒತ್ತಿದಳು.

"ಹೊಡಿಯಂಗಿಲ್ಲ."

ಮಾಮಾ ಹಲ್ಲು ಕಡಿದರು. ಪಕ್ಕದ ಮರದ ಕಡೆ ತಿರುಗಿ ಗದ್ದ ಎತ್ತಿ ಸನ್ನೆ ಮಾಡಿದರು.

ಢಂ!

ಟರ್ಕಿ ಮಗುಚಿ ಬಿತ್ತು. "ಯೆಸ್!" ಎಂದು ಸಂದೀಪ್ ಹಾರಿ ಎದ್ದ. ಅಷ್ಟರಲ್ಲಿ ಟರ್ಕಿಯೂ ಎದ್ದಿತು. ಒಂದು ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತಾ ಓಡಿ, ಇಳಿಜಾರಿನ ಕುರುಚಲು ಪೊದೆಗಳಲ್ಲಿ ಮಾಯವಾಯಿತು.

ಸಂದೀಪ್ ಬಾಯಿ ತೆರೆದುಕೊಂಡು ನಿಂತಿದ್ದ.

ಎರಡೂ ಬಂದೂಕು ಖಾಲಿ ಮಾಡಿಕೊಂಡು ಮೂವರೂ ಹುಡುಕಲು ಇಳಿದರು. ಮೊದಲು ನಾಲ್ಕು ಗರಿ ಸಿಕ್ಕವು. ಆಮೇಲೆ ಒಂದು ಕಲ್ಲಿನ ಮೇಲೆ ರಕ್ತ. ಆಮೇಲೆ ಏನೂ ಇಲ್ಲ. ಒಂದು ಗಂಟೆ ಕಳೆಯಿತು. ಎರಡು ಗಂಟೆ ಕಳೆಯಿತು. ಬಿಸಿಲೇರಿತು. ಮುಳ್ಳು ತಾಗಿ ಸಂದೀಪನ ಕೈಯೆಲ್ಲ ಗೀರು ಬಿದ್ದಿದ್ದವು. ಆದರೂ ಅವನು ಪ್ರತಿ ಪೊದೆಯನ್ನೂ ಸರಿಸಿ ನೋಡುತ್ತಿದ್ದ.

"ಸಾಕು," ಎಂದರು ಮಾಮಾ. "ಕೊಯೋಟಿ ನರಿಗೆ ಊಟ ಆತು. ನಡೀರಿ, ಟ್ರಾಫಿಕ್ ಶುರು ಆಗತೈತಿ."

"ನಾ ಬರಂಗಿಲ್ಲ," ಎಂದಳು ನಮ್ರತಾ.

"ಏನಂದಿ?"

"ಅದು ಸಿಗೂತನಕ ನಾ ಬರಂಗಿಲ್ಲ."

"ಅದನ್ನ ನೀ ಹೊಡದಿಲ್ಲಲ್ಲ! ನಿನಗ್ಯಾಕ?"

"ಯಾರ್ ಹೊಡದ್ರೇನು, ಮಾಮಾ? ಅದಕ್ಕ ಈಗೂ ನೋವಾಗಾಕತ್ತೈತಿ."

"ನಮ್ರತಾ! ಸುಮ್ಕ ಬಂದು ಗಾಡಿ ಹತ್ತು. ನಿಮ್ಮವ್ವಗ ಫೋನ್ ಹಚ್ಚಲೇನು?"

"ಹಚ್ರಿ," ಎಂದಳು ನಮ್ರತಾ. ಬೂಟುಗಳನ್ನು ಮಣ್ಣಿಗೆ ಒತ್ತಿ ನಿಂತಳು. ಮಾಮಾನ ಮುಖ ಕೆಂಪಾಗಿತ್ತು. ಅವರಿಗೆ ಯಾರೂ ಹೀಗೆ ಎದುರಾಡಿದ್ದನ್ನು ಅವಳು ನೋಡಿಯೇ ಇರಲಿಲ್ಲ.

"ನಾನೂ ಬರಂಗಿಲ್ಲ, ಪಪ್ಪಾ."

ಸಂದೀಪ್ ಹೇಳಿದ್ದು. ಕನ್ನಡದಲ್ಲಿ. ನೆಲ ನೋಡುತ್ತಲೇ ಹೇಳಿದ.

ಮಾಮಾ ಇಬ್ಬರನ್ನೂ ನೋಡಿದರು. ಆಮೇಲೆ ಟೋಪಿ ತೆಗೆದು ಬೆವರು ಒರೆಸಿಕೊಂಡು, ಒಣಗಿದ ಹಳ್ಳದ ಆ ಬದಿಗೆ ಹುಡುಕಲು ಹೋದರು.

ಇನ್ನೊಂದು ಗಂಟೆ ಕಳೆದ ಮೇಲೆ ಅದು ಸಿಕ್ಕಿದ್ದು ಸಂದೀಪನಿಗೆ. ಅವನು ಕೂಗಲಿಲ್ಲ, ಬರೀ ಕೈ ಎತ್ತಿದ.

ಹಳ್ಳದ ದಡದಲ್ಲಿ, ಬೂದು ಬಣ್ಣದ ಪೊದೆಯ ಬುಡದಲ್ಲಿ ಟರ್ಕಿ ಮುದುಡಿ ಕೂತಿತ್ತು. ಬಾಲ ಮುಚ್ಚಿತ್ತು. ಕೊಕ್ಕು ತೆರೆದು ಉಸಿರು ಎಳೆಯುತ್ತಿತ್ತು. ಒಂದು ಕಣ್ಣಿನಿಂದ ಅವರನ್ನೇ ನೋಡುತ್ತಿತ್ತು.

ಸಂದೀಪ್ ತೋಟಾ ತೆಗೆದ. ಅದು ಅವನ ಬೆರಳಿನಿಂದ ಜಾರಿ ಬಿತ್ತು. ಹೆಕ್ಕಿಕೊಂಡ. ಮತ್ತೆ ಬಿತ್ತು.

"ಐ ಕಾಂಟ್," ಎಂದ. "ನಮ್ರತಾ, ಪ್ಲೀಸ್."

ಮಾಮಾ ಅವಳ ಹಿಂದೆ ಬಂದು ನಿಂತರು.

ಹನ್ನೆರಡು ಹೆಜ್ಜೆ. ನಮ್ರತಾ ಹಕ್ಕಿಯ ಹಿಂದೆ ಏನಿದೆ ಎಂದು ನೋಡಿದಳು. ಬರೀ ಮಣ್ಣಿನ ದಡ. ಹಳದಿ ತೋಟಾ ಹಾಕಿದಳು. ಮೂರು ತಿಂಗಳಿನಿಂದ ಈ ಗಳಿಗೆಯನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದಳೋ ಲೆಕ್ಕವಿಲ್ಲ. ಆ ಕಲ್ಪನೆಯಲ್ಲಿ ಯಾವಾಗಲೂ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

ಕಣ್ಣು ಮುಚ್ಚಲಿಲ್ಲ. ಸೇಫ್ಟಿ ತೆಗೆದು ಟ್ರಿಗರ್ ಒತ್ತಿದಳು.

ಒಂದೇ ಏಟಿಗೆ ಮುಗಿಯಿತು. ಹಳ್ಳದಲ್ಲಿ ಸದ್ದು ಉರುಳಿಕೊಂಡು ಹೋಗಿ ನಿಂತಿತು.

ಅವಳು ಬಗ್ಗಿ ಗರಿಗಳ ಮೇಲೆ ಕೈ ಇಟ್ಟಳು. ಇನ್ನೂ ಬಿಸಿಯಾಗಿತ್ತು. ಎತ್ತಲು ನೋಡಿದಳು, ಅವಳಿಂದ ಆಗಲಿಲ್ಲ. ಸಂದೀಪ್ ಒಂದು ಕಾಲು ಹಿಡಿದ, ಅವಳು ಒಂದು ಕಾಲು. ಇಬ್ಬರೂ ದಡ ಹತ್ತಿದರು. ಎರಡೂ ಬಂದೂಕುಗಳನ್ನು ಖಾಲಿ ಮಾಡಿ ಮಾಮಾ ಹೊತ್ತುಕೊಂಡು ಹಿಂದೆ ಬಂದರು.

ರ‍್ಯಾಂಚಿನ ಗೇಟಿನಲ್ಲಿ ಮಾಮಾನ ಗೆಳೆಯರು ಕಾಫಿ ಕಪ್ ಹಿಡಿದು ನಿಂತಿದ್ದರು. ಹಕ್ಕಿ ನೋಡಿ ಸಿಳ್ಳೆ ಹಾಕಿದರು. "ಎಂಥಾ ದೊಡ್ಡ ಗಂಡು! ಯಾರು ಹೊಡೆದದ್ದು?"

ಸಂದೀಪನ ಕತ್ತು ಕೆಳಗಾಯಿತು. ಮಾಮಾ ದೂರದ ಗುಡ್ಡ ನೋಡತೊಡಗಿದರು.

ನಾನೇ ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ಸುಳ್ಳೂ ಆಗುತ್ತಿರಲಿಲ್ಲ. ನಮ್ರತಾ ಪಕ್ಕದಲ್ಲಿದ್ದ ಸಂದೀಪನ ಕೈ ನೋಡಿದಳು. ಗೀರುಗಳಲ್ಲಿ ರಕ್ತ ಒಣಗಿತ್ತು. ಅವಳ ಕೈಯೂ ಹಾಗೇ ಇತ್ತು.

"ಭಾರ ಐತಿ, ಸಂದೀಪ್. ಕೆಳಗ ಇಡೂಣು," ಎಂದಳು.

ಇಬ್ಬರೂ ಸೇರಿ ಅದನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿದರು. ಆಮೇಲೆ ಅವಳು ಮಾಮಾನ ಗೆಳೆಯರ ಕಡೆ ತಿರುಗಿ, ತಲೆ ಎತ್ತಿ ಇಂಗ್ಲಿಷಿನಲ್ಲಿ ಹೇಳಿದಳು:

"ಇದನ್ನು ಹುಡುಕೋದಕ್ಕೆ ನಮಗೆ ಮೂರು ಗಂಟೆ ಬೇಕಾಯಿತು."