ದಿವಾಳಿ ಗಿರಣಿಯ ಹತ್ತಿಕಾಳು

ಯುದ್ಧದ ಮೂರನೆಯ ವರ್ಷ ಕುಕನೂರಿನ ಈಶಪ್ಪನ ಹತ್ತಿ ಗಿರಣಿ ದಿವಾಳಿ ಎದ್ದಾಗ ಎಲ್ಲರಿಗಿಂತ ಹೆಚ್ಚು ಉರಿದುಬಿದ್ದವನು ದಲಾಲಿ ಕೊಟ್ರಬಸಪ್ಪ. ಗಿರಣಿಯ ಹತ್ತಿ, ಹತ್ತಿಕಾಳಿನ ಮಾಲು ಗದಗಿಗೆ ಸಾಗಿಸಲು ಬಂಡಿ ಗೊತ್ತುಮಾಡಿಕೊಡುವುದು ಅವನ ಕಸುಬು. ಬಂಡಿ ಬಾಲಪ್ಪನಂಥ ಬಡ ಬಂಡಿಕಾರರದು, ಎತ್ತು ಅವರದು, ಬೆವರೂ ಅವರದೇ. ಬಾಡಿಗೆ ಎಣಿಸುವ ಕಷ್ಟ ಮಾತ್ರ ಕೊಟ್ರಬಸಪ್ಪನದು. ಒಂದು ವರ್ಷದ ಬಾಡಿಗೆ ಈಶಪ್ಪನಲ್ಲಿ ಮುಳುಗಿತ್ತು. ಗಿರಣಿ ಹರಾಜಾದರೆ ರೂಪಾಯಿಗೆ ಎರಡಾಣೆ ಸಿಕ್ಕರೆ ಪುಣ್ಯ ಎಂದ ವಕೀಲ, ಅಷ್ಟು ಹೇಳಿದ್ದಕ್ಕೆ ಐದು ರೂಪಾಯಿ ತೆಗೆದುಕೊಂಡ.

"ನಮ್ಮ ಬಾಡಿಗಿ ಏನಾತ್ರಿ, ಸಾವ್ಕಾರ್ರ?" ಎಂದು ಬಾಲಪ್ಪ ಕಟ್ಟೆಯ ಕೆಳಗೆ ನಿಂತು ಕೇಳಿದ. "ಮನ್ಯಾಗ ಜ್ವಾಳ ತೀರ್‍ಯಾವ್ರಿ."

"ನನಗ ಬಂದ್ರ ನಿಮಗ ಬರ್ತೈತೋ ಮಾರಾಯಾ," ಎಂದ ಕೊಟ್ರಬಸಪ್ಪ. ತನಗೆ ಬಂದರೂ ಇವರಿಗೆ ಕೊಡಬಾರದೆಂದು ಆಗಲೇ ನಿಶ್ಚಯಿಸಿದ್ದ. ನ್ಯಾಯ ತನಗೊಬ್ಬನಿಗೆ ಸಿಕ್ಕರೆ ಸಾಕು ಎನ್ನುವ ಸರಳ ಮನುಷ್ಯ ಅವನು.

ದಾರಿಯೂ ಹೊಳೆದಿತ್ತು. ಗಿರಣಿಯ ಗೋದಾಮಿನಲ್ಲಿ ಯಂತ್ರದ ಬಿಡಿಭಾಗಗಳ ಪೆಟ್ಟಿಗೆ ಒಂದಿತ್ತು. ಒಳಗೆ ಹತ್ತು ಹೊಸ ಹಿತ್ತಾಳೆ ಬೇರಿಂಗು. ಯುದ್ಧದ ದೆಸೆಯಿಂದ ಹಿತ್ತಾಳೆಯ ಬೆಲೆ ಚಿನ್ನದ ಪಕ್ಕ ಕೂತಿತ್ತು. ಕೋರ್ಟಿನ ಅಮೀನ ಜಪ್ತಿಗೆ ಬಂದು 'ಪೆಟ್ಟಿಗೆ ಒಂದು' ಎಂದು ಬರೆದುಕೊಂಡು, ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿ ಹೋಗಿದ್ದ. ಪೆಟ್ಟಿಗೆಗೆ ತಳವೂ ಇರುತ್ತದೆಂಬುದು ಸರಕಾರಕ್ಕೆ ಹೊಳೆದಿರಲಿಲ್ಲ, ಪಾಪ.

ಹುಳ ಬೀಳುವ ಮಾಲೆಂದು ಹತ್ತಿಕಾಳಿನ ರಾಶಿಯನ್ನು ಮೊದಲು ಹರಾಜಿಗಿಟ್ಟರು. ಕೊಟ್ರಬಸಪ್ಪ ಅದನ್ನು ಕಾನೂನುಬದ್ಧವಾಗಿ ಕೊಂಡ. ರಾಶಿಯೂ ಅದೇ ಗೋದಾಮಿನಲ್ಲಿತ್ತು. ಚೀಲ ತುಂಬುವ ದಿನ ಕಾವಲುಗಾರನ ಮೇಲೆ ಎಂದೂ ಇಲ್ಲದ ಕರುಣೆ ಉಕ್ಕಿ, "ಉಂಡು ಬಾರೋ, ನಾ ಕಾಯ್ತೀನಿ" ಎಂದು ಕಳಿಸಿದ. ಪೆಟ್ಟಿಗೆಯನ್ನು ಮಗುಚಿ ತಳದ ಹಲಗೆ ಕಿತ್ತ, ಬೇರಿಂಗು ತೆಗೆದ, ಕಲ್ಲು ತುಂಬಿ ಮೊಳೆ ಹೊಡೆದ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದರೆ ಹಮಾಲನ ಬೆನ್ನಿಗೆ ಗೊತ್ತಾದೀತೆಂದು ಇದ್ದ ಹತ್ತು ಚೀಲಕ್ಕೂ ಒಂದೊಂದರಂತೆ ಹಂಚಿ, ಮೇಲೆ ಎರಡು ಗೇಣು ಕಾಳು ಸುರಿದು, ಬಾಯಿಗೆ ಹುರಿ ಕಟ್ಟಿದ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

"ಬಂಡಿ ನಾ ಹೊಡೀತೀನ್ರಿ. ಬಾಕಿಯೊಳಗ ಎರಡು ರೂಪಾಯಿ ಕೊಟ್ರ ಸಾಕು," ಎಂದು ಬಾಲಪ್ಪ ಗೋಗರೆದ.

"ಬ್ಯಾಡೋ, ನಿನಗ್ಯಾಕ ತ್ರಾಸು?" ಎಂದು ಕೊಟ್ರಬಸಪ್ಪ ತನ್ನ ಹೊಲದ ಬಂಡಿ ಹೂಡಿ, ಜೀವಮಾನದಲ್ಲಿ ಮೊದಲ ಸಲ ಗದಗಿನ ದಾರಿಯಲ್ಲಿ ತಾನೇ ಬಂಡಿ ಹೊಡೆದ. ಗುಟ್ಟಿಗೆ ಎರಡನೆಯ ಬಾಯಿ ಇರಬಾರದು. ಬಾಡಿಗೆಯೂ ಉಳಿಯುತ್ತದೆ.

ನಿಜಾಮರ ಸೀಮೆ ಮುಗಿಯುವಲ್ಲಿ ಸುಂಕದ ನಾಕಾ. ಕೊಟ್ರಬಸಪ್ಪನ ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹರಾಜಿನ ಚೀಟಿ. ಸುಂಕವನ್ನು ಪೈಸೆ ಬಿಡದೆ ಕಟ್ಟಿದ. ಗುಮಾಸ್ತ ಚೀಟಿ ಓದಿ, ಚೀಲ ಎಣಿಸಿ, "ಹೋಗ್ರಿ" ಎಂದ. ಕೊಟ್ರಬಸಪ್ಪ ಬಾರುಕೋಲು ಎತ್ತಿದ. ಗದಗಿನ ವ್ಯಾಪಾರಿ ನೋಟು ಎಣಿಸುವ ಸಪ್ಪಳ ಆಗಲೇ ಕಿವಿಗೆ ಬಿತ್ತು.

ಅಷ್ಟರಲ್ಲಿ ನಾಕಾದ ಜವಾನನ ಹೆಂಡತಿ ಖಾಜಾಬೀ ಬುಟ್ಟಿ ಹಿಡಿದು ಬಂದಳು. "ಹೊಸಬರೇನ್ರಿ? ಕಾಳಿನ ಬಂಡಿ ಹಂಗ ಹೋಗೂದಿಲ್ರಿ, ನಮ್ಮ ಎಮ್ಮಿಗೆ ಒಂದ್ ಬುಟ್ಟಿ ಇಟ್ಟು ಹೋಗ್ತಾರ. ಬಾಲಪ್ಪ ಕೇಳೂಕಿಂತ ಮೊದ್ಲ ಕೊಡ್ತಾನ," ಎನ್ನುತ್ತ ಕೈಗೆ ಸಿಕ್ಕ ಚೀಲದ ಹುರಿ ಬಿಚ್ಚಿ ಮೊಳಕೈವರೆಗೆ ಕೈ ಇಳಿಸಿದಳು. ಆ ಕೈ ಅಲ್ಲೇ ನಿಂತಿತು. "ಏನ್ರೀ ಇದು, ತಣ್ಣಗೈತಿ?" ಎಂದು ಅವಳು ಗುಮಾಸ್ತನತ್ತ ತಿರುಗಿದಳು. ಗುಮಾಸ್ತ ಎದ್ದು ಬಂಡಿಯತ್ತ ಬಂದ. ಹತ್ತು ವರ್ಷ ಕೊಟ್ರಬಸಪ್ಪ, ಬಂಡಿ ಹೋದ ಪ್ರತಿ ಸಲ, ಆ ಒಂದು ಬುಟ್ಟಿ ಕಾಳಿನ ಬೆಲೆಯನ್ನು 'ಮಾಲು ಕಡಿಮೆ ಬಂತು' ಎಂದು ಬಂಡಿಯವರ ಬಾಡಿಗೆಯಲ್ಲಿ ಮುರಿದುಕೊಂಡಿದ್ದ. ಆ ಕಾಳು ಎಲ್ಲಿ ಹೋಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.