ಗುಳಿಯಿಲ್ಲದ ಎಲೆ

ಮೇಷ್ಟ್ರ ಹೆಣ ಬಂಡೆಯ ಬುಡದಲ್ಲಿ ಬೋರಲಾಗಿ ಬಿದ್ದಿತ್ತು. ಮೇಲಿನ ಇಳಿಜಾರಿನಲ್ಲಿ, ಅವರು ಹೆಸರಿಡಲು ಹೊರಟಿದ್ದ ಗಿಡಗಳೆಲ್ಲ ಬೇರು ಮೇಲಾಗಿ ಬಿದ್ದಿದ್ದವು.

ಇನ್ಸ್‌ಪೆಕ್ಟರ್ ಮೊದಲು ಹೆಣ ನೋಡಿದಳು. ಆಮೇಲೆ ಹತ್ತಿ ಹೋಗಿ ಗಿಡಗಳನ್ನು ನೋಡಿದಳು. ಅವಳಿಗೆ ಹೆಚ್ಚು ಭಯವಾದದ್ದು ಗಿಡ ನೋಡಿದಾಗ. ಒಂದೊಂದನ್ನೂ ಹಾರೆ ಹಾಕಿ, ಸಮಾಧಾನವಾಗಿ ಎಬ್ಬಿಸಿದ್ದರು. ಗಾಳಿ ಇರಲಿಲ್ಲ. ಆಚೆ ಮಗ್ಗುಲಲ್ಲಿ ಕ್ವಾರಿಯ ಯಂತ್ರವೊಂದು ಬಿಡದೆ ಕಲ್ಲು ಅಗಿಯುತ್ತಿತ್ತು.

"ಕಾಲು ಜಾರಿದೆ, ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವನನ್ನು 'ಮುಗೀತು' ಎಂದೇ ಕರೆಯುತ್ತಿದ್ದರು. ಯಾವ ಕೇಸು ಬಂದರೂ ಅವನ ಪಾಲಿಗೆ ಅದು ಜೀಪಿನಿಂದ ಇಳಿಯುವಷ್ಟರಲ್ಲೇ ಮುಗಿದಿರುತ್ತಿತ್ತು.

"ಜಾರಿದವರು ಕೈ ಊರ್ತಾರೆ. ಅಂಗೈಯಲ್ಲಿ ಒಂದು ತರಚೂ ಇಲ್ಲ. ಒಡೆದಿರೋದು ತಲೆ ಹಿಂಭಾಗ. ಮತ್ತೆ ಈ ಗಿಡಗಳೂ ಕಾಲು ಜಾರಿದ್ವಾ?"

'ಮುಗೀತು' ಕಿತ್ತ ಗಿಡಗಳ ಕಡೆ ಕತ್ತು ಹೊರಳಿಸಿದ.

ಹೆಣವನ್ನು ಮೊದಲು ಕಂಡವಳು ಮೇಷ್ಟ್ರ ಅಣ್ಣನ ಮಗಳು. ಓದಿದ್ದು ಸಸ್ಯಶಾಸ್ತ್ರ, ಚಿಕ್ಕಪ್ಪನ ಜೊತೆ ಈ ಗುಡ್ಡ ಸುತ್ತುವುದೇ ಅವಳ ಕೆಲಸವಾಗಿತ್ತು. ಕಲ್ಲಿನ ಮೇಲೆ ಕೂತು ಮಣ್ಣು ದಿಟ್ಟಿಸುತ್ತಿದ್ದಳು.

"ಬೇರೆಲ್ಲೂ ಇಲ್ವೇನಮ್ಮಾ ಈ ಗಿಡ?"

"ನಮಗೆ ಗೊತ್ತಿರೋ ಹಾಗೆ ಇಲ್ಲ, ಮೇಡಂ. ಇರೋದೇ ಈ ಇಳಿಜಾರಲ್ಲಿ. ಚಿಕ್ಕಪ್ಪನ ಲೇಖನ ಅಚ್ಚಾಗಿದ್ರೆ ಇದಕ್ಕೊಂದು ಹೆಸರು ಸಿಗ್ತಿತ್ತು. ಆಗ ಗುಡ್ಡಾನೂ ಉಳೀತಿತ್ತು. ಹೆಸರಿಲ್ಲದ ಗಿಡಕ್ಕೆ ಯಾವ ಕಾಯ್ದೆನೂ ಕಾವಲು ನಿಲ್ಲಲ್ಲ."

* * *

ಕ್ವಾರಿ ಸಾಹುಕಾರನ ಆಫೀಸಿನಲ್ಲಿ ಮೇಜು, ಫೋನು, ಅವನ ಹುಬ್ಬು ಎಲ್ಲದರ ಮೇಲೂ ಕಲ್ಲಿನ ಪುಡಿ ಕೂತಿತ್ತು.

"ಬೈದಿದ್ದೀನಿ, ಇಲ್ಲ ಅನ್ನಲ್ಲ. ಊರೆಲ್ಲಾ ಕೇಳಿಸ್ಕೊಂಡಿದೆ. ಒಲೆಗೆ ಹಾಕೋ ಒಂದು ಪುರಲೆ ಗಿಡಕ್ಕೋಸ್ಕರ ಗುಡ್ಡ ಬಿಡು ಅಂದ್ರೆ ಯಾರಿಗಮ್ಮಾ ಉರಿಯಲ್ಲ?"

"ಬೈದ ಮೇಲೆ ಕೀಳಿಸಿದ್ರಾ?"

ಸಾಹುಕಾರ ನಕ್ಕ. "ನಾನು ಕೀಳಿಸೋನಾಗಿದ್ರೆ ಯಂತ್ರ ಬಿಡ್ತಿದ್ದೆ, ತಾಯಿ. ಹಸಿರು ಅನ್ನೋದೇ ಉಳೀತಿರ್ಲಿಲ್ಲ. ಅಷ್ಟೊಂದು ಗಿಡದಲ್ಲಿ ಯಾವುದು ಆ ಮಹಾರಾಣಿ, ಯಾವುದು ಕಳೆ ಅಂತ ನಂಗೇನ್ ಗೊತ್ತು?"

ಅವನು ಗಿಡಕ್ಕಿಟ್ಟ ಹೆಸರಿಗೆ ತಾನೇ ಮತ್ತೊಮ್ಮೆ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. 'ಯಾವುದು ಕಳೆ' ಎಂಬ ಮಾತು ಬಾಗಿಲ ಬಳಿ ಅವಳನ್ನು ತಡೆಯಿತು. ನಂತರ ನೇರವಾಗಿ ಗುಡ್ಡದ ಕಡೆ ಜೀಪು ತಿರುಗಿಸಲು ಹೇಳಿದಳು.

* * *

ಇಳಿಜಾರಿನ ತುಂಬ ಪೊದೆ. ಕಿತ್ತು ಬಿದ್ದವುಗಳ ಪಕ್ಕದಲ್ಲೇ ಅಂಥವೇ ಎಷ್ಟೋ ನೆಟ್ಟಗೆ ನಿಂತಿದ್ದವು. ಅದೇ ಎತ್ತರ, ಅದೇ ಎಲೆ.

"ನಿಂತಿರೋದು ಸಾಮಾನ್ಯ ಜಾತಿ, ಮೇಡಂ," ಎಂದಳು ಜೊತೆಗೆ ಹತ್ತಿ ಬಂದ ಹುಡುಗಿ, ಮೇಷ್ಟ್ರ ಅಣ್ಣನ ಮಗಳು. "ಹೂ ಬಿಟ್ಟಾಗ ಯಾರಾದ್ರೂ ಗುರುತಿಸಬಹುದು. ಹೂ ಇಲ್ಲದಾಗ ಇದೊಂದೇ ದಾರಿ." ಬಿದ್ದ ಗಿಡದ ಎಲೆಯನ್ನು ಮಗುಚಿ, ಮೇಲೆ ಭೂತಗನ್ನಡಿ ಹಿಡಿದಳು. ಪಕ್ಕದ ನರಗಳು ನಡುನರವನ್ನು ಕೂಡುವ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಂಡವು. ನಿಂತ ಗಿಡದ ಎಲೆಯಲ್ಲಿ ಅವು ಇರಲಿಲ್ಲ.

"ಅಂದ್ರೆ ಕಿತ್ತವರು ಎಲೆ ಮಗುಚಿ ಮಗುಚಿ ನೋಡಿ ಕಿತ್ತಿದ್ದಾರೆ. ಈ ಗುಳಿ ವಿಷಯ ಯಾರ್ಯಾರಿಗೆ ಗೊತ್ತು?"

"ಬರೆದ ಚಿಕ್ಕಪ್ಪನಿಗೆ. ಟೈಪ್ ಮಾಡಿದ ನನಗೆ. ಪರಿಶೀಲನೆಗೆ ಅಂತ, ನನಗೆ ಪಾಠ ಹೇಳಿದ್ದ ಸಸ್ಯ ಸಂಗ್ರಹಾಲಯದ ಮುಖ್ಯಸ್ಥರಿಗೆ ಒಂದು ಪ್ರತಿ ಕೊಟ್ಟಿದ್ವಿ. ಅಷ್ಟೇ."

'ಮುಗೀತು' ಪಿಸುಗುಟ್ಟಿದ. "ಹಾಗಾದ್ರೆ ಇವಳೇ, ಮೇಡಂ. ಲೇಖನದಲ್ಲಿ ಯಾರ ಹೆಸರು ಮುಂದೆ ಅಂತ ಚಿಕ್ಕಪ್ಪನ ಜೊತೆ ಜಗಳ ಆಡಿದ್ಲಂತೆ. ಪಕ್ಕದ ಮನೆಯವರೇ ಹೇಳಿದ್ರು."

ಅವನ ಪಿಸುಮಾತು ಕ್ವಾರಿಯವರೆಗೂ ಕೇಳುವಂತಿತ್ತು.

"ಆಡಿದ್ದು ನಿಜ," ಎಂದಳು ಹುಡುಗಿ. "ನಿಮ್ಮ ಹೆಸರೇ ಮುಂದಿರಲಿ ಅಂತ ನಾನು. ನಿಂದೇ ಇರಲಿ ಅಂತ ಅವರು."

ಇಷ್ಟು ಹೊತ್ತೂ ಅವಳು ಸುತ್ತಲೂ ನೋಡುತ್ತಿದ್ದಳು, ಒಂದು ಕಡೆ ಬಿಟ್ಟು. ಇನ್ಸ್‌ಪೆಕ್ಟರ್ ಆ ಕಡೆಗೇ ನಡೆದಳು. ಮೊಣಕಾಲೆತ್ತರದ ಕೆಲವು ಸಸಿಗಳು ಬಂಡೆಗೆ ಒರಗಿ ನಿಂತಿದ್ದವು.

"ಅವು ಕಳೆ!" ಹುಡುಗಿಯ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಸಸಿಯ ಬುಡದಲ್ಲಿ ಹರಿದ ಎಲೆಯೊಂದು ಬಿದ್ದಿತ್ತು. ಬಾಡಿ ಸುರುಳಿಯಾಗುತ್ತಿತ್ತು. ತೊಟ್ಟಿನ ಹತ್ತಿರ ಉಗುರಿನ ಗುರುತು ಸ್ಪಷ್ಟವಾಗಿತ್ತು.

"ಇದನ್ನ ಕಿತ್ತಿದ್ದು ನೀನಾ?"

ಹುಡುಗಿ ಬಗ್ಗಿ ನೋಡಿದಳು. "ಅಯ್ಯೋ. ಇಲ್ಲಿಗೂ ಬಂದಿದ್ದಾರೆ." ನೆಲದ ಮೇಲೆ ಕೂತು ಸಸಿಗಳಿಗೆ ಕೈ ಅಡ್ಡ ಹಿಡಿದಳು. "ಇವು ನಾವೇ ಬೀಜ ಹಾಕಿ ಎಬ್ಬಿಸಿದ್ದು. ಅದೇ ಗಿಡದ ಸಸಿಗಳು. ಎಳೇದ್ರಲ್ಲಿ ಗುಳಿ ಮೂಡಲ್ಲ ಅಂತ ನಮಗೇ ಮೊನ್ನೆ ಗೊತ್ತಾಗಿದ್ದು. ಲೇಖನ ತಿದ್ದಬೇಕು ಅಂತಿದ್ರು ಚಿಕ್ಕಪ್ಪ. ಹೇಳಿದ್ರೆ ಇವನ್ನೂ ಬಂದು ಕೀಳ್ತಾರೆ ಅಂತ..."

"ಯಾರು?"

"ಯಾರು ಅಂತ ಗೊತ್ತಿದ್ರೆ ಇಷ್ಟೊಂದು ಹೆದರ್ತಿದ್ನಾ, ಅಕ್ಕಾ?"

* * *

ಸಂಗ್ರಹಾಲಯದ ಉದ್ದನೆಯ ಕೋಣೆಯಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಎರಡೂ ಬದಿ ಸೂರಿನವರೆಗೆ ಉಕ್ಕಿನ ಬೀರುಗಳು. ಒಳಗೆ ಹಾಳೆಗೆ ಅಂಟಿಸಿದ ಸಾವಿರಾರು ಸತ್ತ ರೆಂಬೆಗಳು. ಮುಖ್ಯಸ್ಥರ ದನಿಯೂ ಹಾಳೆಗಳ ನಡುವೆ ಒತ್ತಿಟ್ಟಂತೆ ಮೆತ್ತಗಿತ್ತು.

"ಅವನು ನನ್ನ ಸಹಪಾಠಿ. ಕೈ ಮುರಿದ ಹಾಗಾಗಿದೆ, ಮೇಡಂ."

"ನೀವು ಆ ಗುಡ್ಡಕ್ಕೆ ಹೋಗಿದ್ರಾ, ಸರ್?"

"ಮಂಡಿ ನೋವು. ಗುಡ್ಡ ಹತ್ತಿ ಯಾವ ಕಾಲವಾಯ್ತೋ. ನನ್ನ ಕಾಡೆಲ್ಲ ಈ ಬೀರುಗಳಲ್ಲೇ."

ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಇನ್ಸ್‌ಪೆಕ್ಟರ್ ಸಸಿಯ ಎಲೆಯೊಂದನ್ನು ಅವರ ಮುಂದಿಟ್ಟಳು. "ಇದು ಯಾವುದು ಹೇಳ್ತೀರಾ?"

ಅವರು ಎಲೆ ಮಗುಚಿದರು. ಭೂತಗನ್ನಡಿ ಕಣ್ಣಿಗೊತ್ತಿದರು. "ಸಾಮಾನ್ಯ ಜಾತಿ. ಗುಳಿ ಇಲ್ಲ."

"ಖಂಡಿತವಾ?"

"ಈ ಗುಂಪಿನ ಮೇಲೆ ಪುಸ್ತಕ ಬರೆದವನು ನಾನು."

"ಅದು ಹೊಸ ಗಿಡದ ಸಸಿ, ಸರ್. ಎಳೇದ್ರಲ್ಲಿ ಗುಳಿ ಇರಲ್ಲ."

ಮುಖ್ಯಸ್ಥರ ಕುತ್ತಿಗೆಯ ನರ ಉಬ್ಬಿತು. "ಹಾಗಂತ ಅವನು ಬರೀಲೇ ಇಲ್ವಲ್ಲ! ಬರೆದಿದ್ರೆ..."

ಅವರು ಎಲೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು.

"ಬರೆದಿದ್ರೆ ಇವನ್ನೂ ಕೀಳ್ತಿದ್ರಿ," ಎಂದಳು ಇನ್ಸ್‌ಪೆಕ್ಟರ್. "ಸಾಹುಕಾರನಿಗೆ ಎರಡೂ ಗಿಡ ಒಂದೇ, ಅವನಾಗಿದ್ರೆ ಎಲ್ಲಾನೂ ಬಳೀತಿದ್ದ. ಆರಿಸಿ ಕೀಳೋಕೆ ಲೇಖನ ಓದಿರಬೇಕು. ಓದಿದವರಲ್ಲಿ ಬದುಕಿರೋರು ಇಬ್ಬರೇ: ಈ ಹುಡುಗಿ, ನೀವು. ಇವಳಿಗೆ ಸಸಿ ಯಾವುದು ಅಂತ ಎಲೆ ಹರಿದು ನೋಡಬೇಕಾಗಿಲ್ಲ, ಬೀಜ ಹಾಕಿದ್ದೇ ಇವಳು. ಕೊಂದವರು ಸಸಿ ಹತ್ತಿರ ಬಂದ್ರು, ಎಲೆ ಕಿತ್ತು ಮಗುಚಿದ್ರು, ಗುಳಿ ಕಾಣದೆ ಕಳೆ ಅಂತ ಬಿಟ್ಟು ಹೋದ್ರು. ಲೇಖನ ಗೊತ್ತಿದ್ದು ಗಿಡ ಗೊತ್ತಿಲ್ಲದವರು ಮಾತ್ರ ಹಾಗೆ ಮೋಸ ಹೋಗ್ತಾರೆ. ಈಗ ನನ್ನ ಕಣ್ಣೆದುರೇ ಹೋದ್ರಲ್ಲ, ಹಾಗೆ."

'ಮುಗೀತು' ಒಳಗೆ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಹಾರೆ. "ಇವರ ಕಾರಿನ ಡಿಕ್ಕಿಯಲ್ಲಿತ್ತು, ಮೇಡಂ. ತೊಳೆದಿದ್ದಾರೆ. ಆದ್ರೂ ತುದಿಯ ಸೀಳಲ್ಲಿ ಬೇರಿನ ನಾರು ಸಿಕ್ಕೊಂಡಿದೆ. ಜೊತೆಗೆ ಬಿಳಿ ಕೂದಲು." ಈ ಸಲ ಅವನು ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಮುಖ್ಯಸ್ಥರು ಬೀರುವಿಗೆ ಬೆನ್ನು ಕೊಟ್ಟು ನಿಂತರು. "ಆ ಗುಡ್ಡದಲ್ಲಿ ಅಪರೂಪದ್ದೇನೂ ಇಲ್ಲ ಅಂತ ಕ್ವಾರಿಗೆ ಬರೆದುಕೊಟ್ಟವನು ನಾನು. ಈ ಗಿಡದ ರೆಂಬೆ ನನ್ನ ಬೀರುವಿನಲ್ಲೇ ಇತ್ತು, ಕಳೆಯ ಜೊತೆ. ಗುಳಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಮುಖ್ಯಸ್ಥರು ತಪ್ಪಾಗಿ ಗುರುತಿಸಿದ್ದಾರೆ ಅಂತ ಅವನು ಲೇಖನದಲ್ಲಿ ಒಂದು ಸಾಲು ಸೇರಿಸಿದ. ತೆಗಿ ಅಂದೆ. ತೆಗೀಲಿಲ್ಲ."

"ಅದಕ್ಕೆ ಗಿಡಾನೇ ತೆಗೆದ್ರಾ?" ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು.

"ಒಣಗಿಸಿದ ಮಾದರಿಗಳೆಲ್ಲ ನನ್ನ ವಶದಲ್ಲಿದ್ದವು. ಗುಡ್ಡದಲ್ಲೂ ಇಲ್ಲ ಅಂದ್ರೆ ಅವನ ಮಾತಿಗೆ ಸಾಕ್ಷಿ ಯಾವುದು? ಕೀಳ್ತಿರುವಾಗ ಅವನೇ ಬಂದುಬಿಟ್ಟ. ನನ್ನನ್ನ ಒಂದು ಮಾತೂ ಬೈಲಿಲ್ಲ. ಬೆನ್ನು ತಿರುಗಿಸಿ, ಕಿತ್ತ ಗಿಡ ಎತ್ತಿ ಮತ್ತೆ ಗುಂಡಿಯಲ್ಲಿಡೋಕೆ ಬಗ್ಗಿದ." ಅವರು ಕಣ್ಣು ಮುಚ್ಚಿದರು. "ಆಗ ಹೊಡೆದೆ. ಇಳಿಜಾರಲ್ಲಿ ಉರುಳಿ ಬಂಡೆ ಕೆಳಗೆ ಬಿದ್ದ."

ಅವರನ್ನು ಜೀಪಿಗೆ ಹತ್ತಿಸಿದರು. ಹುಡುಗಿ ಮೆಟ್ಟಿಲ ಮೇಲೆ ನಿಂತಿದ್ದಳು. ಮುಖ್ಯಸ್ಥರು ಕಂಬಿಗಳ ಹಿಂದಿನಿಂದ ಅವಳನ್ನೇ ನೋಡಿದರು. ತರಗತಿಯಲ್ಲಿ ಅವಳಿಗೆ ಪ್ರಶ್ನೆ ಕೇಳುತ್ತಿದ್ದ ಅದೇ ಮೆತ್ತಗಿನ ದನಿ.

"ಇನ್ನೂ ಎಷ್ಟು ಉಳಿದಿವೆ, ಮಗು?"

ಅಭ್ಯಾಸಬಲದಿಂದ ಉತ್ತರ ಅವಳ ನಾಲಿಗೆಯ ತುದಿಗೆ ಬಂತು. ಇನ್ಸ್‌ಪೆಕ್ಟರ್ ಅವಳ ಮುಂಗೈ ಹಿಡಿದುಕೊಂಡಳು. ಹುಡುಗಿ ತುಟಿ ಬಿಗಿದಳು. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಆ ಎರಡು ಕಣ್ಣುಗಳು ಉತ್ತರಕ್ಕೆ ಕಾಯುತ್ತಲೇ ಇದ್ದವು.